ಎಲೆ ಗಳಿಸುತ್ತೆ, ಗಿಡ ಖರ್ಚು ಮಾಡುತ್ತೆ: ಗ್ಲೂಕೋಸ್ ಲೆಕ್ಕ ರೈತನಿಗೆ ಯಾಕೆ ಗೊತ್ತಿರಬೇಕು?

ಬಂಗಾರಪೇಟೆ, ಕೆಜಿಎಫ್ ಕಡೆಯ ಯುವ ರೈತರು ಇತ್ತೀಚೆಗೆ ನನ್ನನ್ನ ಪದೇ ಪದೇ ಕೇಳೋ ಪ್ರಶ್ನೆ ಒಂದಿದೆ: "ಅಣ್ಣಾ, ಟೊಮೆಟೊಗೆ ಗ್ಲೂಕೋಸ್ ಪೌಡರ್ ಹೊಡೆದ್ರೆ ಗಿಡಕ್ಕೆ ಶಕ್ತಿ ಬರುತ್ತಂತೆ, ಹೌದಾ?" ಮನುಷ್ಯರಿಗೆ ಸುಸ್ತಾದಾಗ ಗ್ಲೂಕೋಸ್ ಬಾಟಲಿ ಹಾಕ್ತಾರೆ, ಹಾಗಾದ್ರೆ ಸೊರಗಿದ ಗಿಡಕ್ಕೂ ಹಾಕಬಹುದಲ್ವಾ ಅನ್ನೋ ಯೋಚನೆ. ಕೇಳೋದಕ್ಕೆ ಸರಿ ಅನ್ನಿಸುತ್ತೆ. ಆದ್ರೆ ಉತ್ತರ ಹೇಳೋ ಮೊದಲು ಗಿಡದೊಳಗೆ ಗ್ಲೂಕೋಸ್ ಎಲ್ಲಿ ಹುಟ್ಟುತ್ತೆ, ಎಲ್ಲಿಗೆ ಹೋಗುತ್ತೆ, ಎಲ್ಲಿ ಖರ್ಚಾಗುತ್ತೆ ಅಂತ ನೋಡಬೇಕು. ಹೈಸ್ಕೂಲಲ್ಲಿ ದ್ಯುತಿಸಂಶ್ಲೇಷಣೆ, ಉಸಿರಾಟ ಅಂತ ಪರೀಕ್ಷೆಗೆ ಓದಿ ಮರೆತ ಪಾಠ ಇದೇ. ಟೊಮೆಟೊ ಬಾಕ್ಸ್ ಮಂಡಿಯಲ್ಲಿ ಗಟ್ಟಿಯಾಗಿ ನಿಲ್ಲೋದು, ನೀರು ನಿಂತ ಹೊಲದಲ್ಲಿ ಗಿಡ ಬಾಡೋದು, ಎಳೆ ಜೋಳ ತಿಂದ ಹಸು ಕುಸಿದು ಬೀಳೋದು, ಎಲ್ಲಕ್ಕೂ ಕಾರಣ ಈ ಒಂದೇ ಪಾಠದಲ್ಲಿದೆ.

ಎಲೆಯೊಳಗಿನ ಅಡುಗೆ

ಎಲೆ ಮಾಡೋ ಕೆಲಸ ಒಂದೇ ಸಾಲಲ್ಲಿ ಹೇಳಬಹುದು. ಗಾಳಿಯಿಂದ ಇಂಗಾಲದ ಡೈಆಕ್ಸೈಡ್, ಬೇರಿನಿಂದ ನೀರು, ಮೇಲಿಂದ ಬಿಸಿಲು. ಈ ಮೂರನ್ನ ಸೇರಿಸಿ ಎಲೆಯ ಹಸಿರು, ಅಂದ್ರೆ ಪತ್ರಹರಿತ್ತು ಇರೋ ಜೀವಕೋಶಗಳು, ಸಕ್ಕರೆ ತಯಾರಿಸುತ್ತವೆ. ಉಳಿದ ಆಮ್ಲಜನಕ ಹೊರಗೆ ಹೋಗುತ್ತೆ.

ಇದನ್ನ ತೂಕದಲ್ಲಿ ನೋಡೋಣ. 1 ಕೆಜಿ ಗ್ಲೂಕೋಸ್ ತಯಾರಾಗಬೇಕಾದ್ರೆ ಸುಮಾರು 1.47 ಕೆಜಿ ಇಂಗಾಲದ ಡೈಆಕ್ಸೈಡ್ ಮತ್ತು 600 ಗ್ರಾಂ ನೀರು ಬೇಕು. ಹೊರಗೆ ಬರೋ ಆಮ್ಲಜನಕ ಸುಮಾರು 1.07 ಕೆಜಿ. ಅಂದ್ರೆ ಗಿಡದ ಒಣ ತೂಕದ ಬಹುಪಾಲು ಬರೋದು ಮಣ್ಣಿನಿಂದಲ್ಲ, ಗೊಬ್ಬರದಿಂದಲೂ ಅಲ್ಲ. ಗಾಳಿ ಮತ್ತು ನೀರಿನಿಂದ.

ನಂಬೋದು ಕಷ್ಟ ಅಲ್ವಾ? ನಾಲ್ಕು ಶತಮಾನದ ಹಿಂದೆ ವಾನ್ ಹೆಲ್ಮಾಂಟ್ ಅನ್ನೋ ವಿಜ್ಞಾನಿ ಇದನ್ನ ತೂಕ ಹಾಕಿಯೇ ನೋಡಿದ. ಕುಂಡದಲ್ಲಿ ಒಣ ಮಣ್ಣು ತೂಗಿ ಹಾಕಿ, ಒಂದು ಗಿಡ ನೆಟ್ಟು, 5 ವರ್ಷ ಬರೀ ನೀರು ಕೊಟ್ಟ. ಗಿಡ 70 ಕೆಜಿಗಿಂತ ಹೆಚ್ಚು ತೂಕ ಬಂತು, ಮಣ್ಣು ಕಮ್ಮಿಯಾಗಿದ್ದು 60 ಗ್ರಾಂ ಒಳಗೆ. ಅಷ್ಟೂ ತೂಕ ನೀರಿನಿಂದಲೇ ಬಂತು ಅಂತ ಅವನು ತೀರ್ಮಾನಿಸಿದ. ಗಾಳಿಯ ಪಾತ್ರ ಅವನಿಗೆ ಹೊಳೆದಿರಲಿಲ್ಲ. 1779ರಲ್ಲಿ ಇಂಗೆನ್‌ಹೌಸ್ ಅನ್ನೋರು ಗಿಡದ ಹಸಿರು ಭಾಗ, ಅದೂ ಬೆಳಕಿದ್ದಾಗ ಮಾತ್ರ ಈ ಕೆಲಸ ಮಾಡುತ್ತೆ ಅಂತ ತೋರಿಸಿದರು.

ಹಾಗಾದ್ರೆ ಗೊಬ್ಬರ ಬೇಡವಾ? ಬೇಕೇ ಬೇಕು. ಆದ್ರೆ ಗೊಬ್ಬರ ಅಂದ್ರೆ ಗಿಡದ ಊಟ ಅಲ್ಲ, ಅಡುಗೆಮನೆ ಕಟ್ಟೋ ಸಾಮಾನು. ಸಾರಜನಕ, ಮೆಗ್ನೀಸಿಯಂ ಇಲ್ಲದೆ ಪತ್ರಹರಿತ್ತು ಆಗಲ್ಲ. ರಂಜಕ ಇಲ್ಲದೆ ಶಕ್ತಿ ಸಾಗಿಸೋ ಕಣ ಆಗಲ್ಲ. ಪೊಟ್ಯಾಷ್ ಇಲ್ಲದೆ ಎಲೆಯ ರಂಧ್ರ ಸರಿಯಾಗಿ ತೆರೆದು ಮುಚ್ಚಲ್ಲ, ಸಕ್ಕರೆ ಹಣ್ಣಿಗೆ ಸರಿಯಾಗಿ ಸಾಗಲ್ಲ. ಊಟ ಮಾತ್ರ ಎಲೆಯಲ್ಲೇ ತಯಾರಾಗಬೇಕು.

ನೀರು ಎಲ್ಲಿ ಹೋಗುತ್ತೆ?

1 ಕೆಜಿ ಗ್ಲೂಕೋಸ್‌ಗೆ ಬರೀ 600 ಗ್ರಾಂ ನೀರು ಸಾಕು ಅಂದೆ. ಆದ್ರೆ ನಾವು ಡ್ರಿಪ್‌ನಲ್ಲಿ ಕೊಡೋದು ಅದರ ನೂರಾರು ಪಟ್ಟು. ಯಾಕೆ?

ಕಾರಣ ಗಾಳಿಯಲ್ಲಿದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರೋದು ಶೇ. 0.042ರಷ್ಟು ಮಾತ್ರ. ಒಂದು ಘನ ಮೀಟರ್ ಗಾಳಿ ಅಂದ್ರೆ ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಇರೋ ತೊಟ್ಟಿಯಷ್ಟು. ಅದರೊಳಗೆ ಸಿಗೋದು ಮುಕ್ಕಾಲು ಗ್ರಾಂ. 1 ಕೆಜಿ ಗ್ಲೂಕೋಸ್‌ಗೆ ಇಂಥ ಸುಮಾರು 2,000 ತೊಟ್ಟಿ ಗಾಳಿಯನ್ನ ಪೂರ್ತಿ ಸೋಸಬೇಕು. ಅದಕ್ಕೆ ಎಲೆ ತನ್ನ ಸಣ್ಣ ಬಾಗಿಲುಗಳನ್ನ, ಅಂದ್ರೆ ಪತ್ರರಂಧ್ರಗಳನ್ನ ತೆರೆದಿಡಲೇಬೇಕು. ಬಾಗಿಲು ತೆರೆದಾಗ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತೆ. ಬೇರು ಹೀರಿದ ನೀರಿನಲ್ಲಿ ಸಕ್ಕರೆಗೆ ಬಳಕೆಯಾಗೋದು ಶೇ. 1ಕ್ಕಿಂತ ಕಮ್ಮಿ.

ಕೋಲಾರದಂಥ ಜಿಲ್ಲೆಯಲ್ಲಿ, ಸಾವಿರ ಅಡಿ ದಾಟಿದ ಬೋರ್‌ವೆಲ್ ನಂಬಿಕೊಂಡವರಿಗೆ ಇದು ಮುಖ್ಯ. ಮಣ್ಣಲ್ಲಿ ನೀರು ಕಮ್ಮಿಯಾದ ಕೂಡಲೇ ಗಿಡ ಜೀವ ಉಳಿಸಿಕೊಳ್ಳೋಕೆ ಬಾಗಿಲು ಮುಚ್ಚುತ್ತೆ. ಆಗ ಮೇಲೆ ಎಷ್ಟೇ ಬಿಸಿಲಿದ್ರೂ ಅಡುಗೆ ಬಂದ್. ಎಲೆ ಜೋತು ಬೀಳೋದು ನಮ್ಮ ಕಣ್ಣಿಗೆ ಕಾಣೋ ಮೊದಲೇ ಬಾಗಿಲು ಅರ್ಧ ಮುಚ್ಚಿರುತ್ತೆ. ಗಿಡ ಬಾಡಿದ ಮೇಲೆ ಮೋಟಾರ್ ಹಾಕಿದ್ರೆ ಅಷ್ಟು ಹೊತ್ತಿನ ಗಳಿಕೆ ಹೋಯ್ತು ಅಂತಲೇ ಲೆಕ್ಕ. ಅದಕ್ಕೇ ನಾನು ನಾಲ್ಕು ದಿನಕ್ಕೊಮ್ಮೆ ಹೊಲ ತುಂಬಿಸೋ ಬದಲು ಬೆಳಿಗ್ಗೆ ಬೇಗ, ಸ್ವಲ್ಪ ಸ್ವಲ್ಪವೇ ಡ್ರಿಪ್ ಬಿಡೋದು, ಬುಡಕ್ಕೆ ಒಣ ಹುಲ್ಲು ಮುಚ್ಚೋದು. ಬಿಸಿಲು ಏರೋ ಹೊತ್ತಿಗೆ ಬೇರಿನ ಹತ್ತಿರ ತೇವ ಇದ್ರೆ ಬಾಗಿಲು ಇನ್ನಷ್ಟು ಹೊತ್ತು ತೆರೆದಿರುತ್ತೆ.

ರಾಗಿ ಮಾತ್ರ ಈ ವಿಷಯದಲ್ಲಿ ಜಾಣ ಬೆಳೆ. ರಾಗಿ, ಜೋಳ, ಮುಸುಕಿನ ಜೋಳ, ಕಬ್ಬು ಇವನ್ನ ಸಿ-4 ಗಿಡ ಅಂತಾರೆ. ಇವು ಇಂಗಾಲದ ಡೈಆಕ್ಸೈಡ್‌ನ ಮೊದಲು ಹಿಡಿದು, ಎಲೆಯ ಒಳಗಿನ ಕೋಣೆಗೆ ಒತ್ತಿ ತುಂಬಿ, ಆಮೇಲೆ ಸಕ್ಕರೆ ಮಾಡುತ್ತವೆ. ಹಾಗಾಗಿ ಬಾಗಿಲು ಸ್ವಲ್ಪವೇ ತೆರೆದ್ರೂ ಕೆಲಸ ನಡೆಯುತ್ತೆ. ಟೊಮೆಟೊ, ಆಲೂಗಡ್ಡೆ, ಮಾವು, ಹಿಪ್ಪುನೇರಳೆ, ಕಡಲೆಕಾಯಿ, ಹುರುಳಿ ಇವೆಲ್ಲ ಸಿ-3. ಇವಕ್ಕೆ ಆ ಒಳಕೋಣೆ ಇಲ್ಲ. ಸೆಕೆ ಏರಿದಾಗ ಇಂಗಾಲದ ಡೈಆಕ್ಸೈಡ್ ಹಿಡಿಯಬೇಕಾದ ಕಿಣ್ವ ತಪ್ಪಿ ಆಮ್ಲಜನಕ ಹಿಡಿಯೋದು ಹೆಚ್ಚಾಗುತ್ತೆ, ಗಳಿಸಿದ್ದರಲ್ಲಿ ಒಂದು ಪಾಲು ದಂಡ ಆಗುತ್ತೆ. ಒಂದು ಕೆಜಿ ಒಣ ತೂಕಕ್ಕೆ ಸಿ-4 ಗಿಡ ಬಳಸೋ ನೀರು ಸಿ-3 ಗಿಡದ ಸುಮಾರು ಅರ್ಧ. ನಮ್ಮ ಹಿರಿಯರು ಮಳೆ ನಂಬಿ ರಾಗಿ ಬಿತ್ತಿದ್ದು ಸುಮ್ನೆ ಅಲ್ಲ.

ತಯಾರಾದ ಸಕ್ಕರೆ ಏನಾಗುತ್ತೆ?

ಎಲೆಯಲ್ಲಿ ತಯಾರಾದ ಸಕ್ಕರೆ ನಾಲ್ಕು ದಾರಿ ಹಿಡಿಯುತ್ತೆ.

ಒಂದು, ಪ್ರಯಾಣ. ಗ್ಲೂಕೋಸ್ ಹಾಗೇ ಸಾಗಲ್ಲ. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಜೋಡಿಯಾಗಿ ಸುಕ್ರೋಸ್ ಆಗಿ, ಅಂದ್ರೆ ನಮ್ಮ ಅಡುಗೆಮನೆ ಸಕ್ಕರೆಯಾಗಿ, ಕಾಂಡದ ನಾಳಗಳಲ್ಲಿ ಬೇರಿಗೆ, ಚಿಗುರಿಗೆ, ಕಾಯಿಗೆ ಹೋಗುತ್ತೆ. ಕಬ್ಬು ಅದನ್ನ ಕಾಂಡದಲ್ಲೇ ಕೂಡಿಡುತ್ತೆ.

ಎರಡು, ಉಳಿತಾಯ. ಸಾವಿರಾರು ಗ್ಲೂಕೋಸ್ ಕಣಗಳು ಸರದ ಹಾಗೆ ಪೋಣಿಸಿಕೊಂಡ್ರೆ ಪಿಷ್ಟ. ರಾಗಿ ಕಾಳು, ಆಲೂಗಡ್ಡೆ, ಬಲಿತ ಮಾವಿನಕಾಯಿ ಎಲ್ಲದರೊಳಗೂ ಇರೋದು ಇದೇ. ಬಂಗಾರಪೇಟೆ ಪಾನಿಪುರಿಯ ಪೂರಿ ಕೂಡ ಪಿಷ್ಟವೇ. ಬಾಯಿಗೆ ಹಾಕಿದ ಕೂಡಲೇ ಜೊಲ್ಲು ಅದನ್ನ ಒಡೆಯೋಕೆ ಶುರು ಮಾಡುತ್ತೆ, ಕೊನೆಗೆ ರಕ್ತಕ್ಕೆ ಸೇರೋದು ಗ್ಲೂಕೋಸ್.

ಮೂರು, ಕಟ್ಟಡ. ಅದೇ ಗ್ಲೂಕೋಸ್ ಬೇರೆ ರೀತಿ ಜೋಡಣೆಯಾದ್ರೆ ಸೆಲ್ಯುಲೋಸ್. ರಾಗಿ ಹುಲ್ಲು, ಮರದ ತೊಲೆ, ಹತ್ತಿ ನೂಲು ಎಲ್ಲ ಅದೇ. ರಾಗಿ ಮುದ್ದೆಯಲ್ಲೂ ಗ್ಲೂಕೋಸ್, ರಾಗಿ ಹುಲ್ಲಲ್ಲೂ ಗ್ಲೂಕೋಸ್. ಮುದ್ದೆ ನಮಗೆ ಜೀರ್ಣ ಆಗುತ್ತೆ, ಹುಲ್ಲು ಆಗಲ್ಲ, ಯಾಕಂದ್ರೆ ಆ ಕೊಂಡಿ ಬಿಚ್ಚೋ ಕಿಣ್ವ ನಮ್ಮಲ್ಲಿಲ್ಲ. ಹಸುವಿನಲ್ಲೂ ಇಲ್ಲ! ಅದರ ದೊಡ್ಡ ಹೊಟ್ಟೆಯಲ್ಲಿರೋ ಸೂಕ್ಷ್ಮಜೀವಿಗಳು ಆ ಕೆಲಸ ಮಾಡುತ್ತವೆ. ಗ್ಲೂಕೋಸ್‌ನ ಅವೇ ಬಳಸಿಕೊಂಡು ಸಣ್ಣ ಆಮ್ಲಗಳನ್ನ ಹೊರಗೆ ಬಿಡುತ್ತವೆ. ಹಸುವಿನ ಯಕೃತ್ತು ಅದರಲ್ಲೊಂದನ್ನ ಮತ್ತೆ ಗ್ಲೂಕೋಸ್ ಮಾಡುತ್ತೆ, ಕೆಚ್ಚಲು ಆ ಗ್ಲೂಕೋಸ್‌ನಿಂದ ಹಾಲಿನ ಸಕ್ಕರೆ ಮಾಡುತ್ತೆ. ಹಾಲಿನ ಸಕ್ಕರೆ ಎಷ್ಟೋ ಅಷ್ಟು ನೀರು ಕೆಚ್ಚಲಿಗೆ ಎಳೆಯುತ್ತೆ. ಹಾಗಾಗಿ ಡೈರಿಗೆ ಹಾಕೋ ಲೀಟರ್ ಲೆಕ್ಕದ ಹಿಂದೆಯೂ ಗ್ಲೂಕೋಸ್ ಲೆಕ್ಕವೇ ಇದೆ.

ನಾಲ್ಕು, ಖರ್ಚು. ಅದೇ ಉಸಿರಾಟ.

ಉಸಿರಾಟ: ನಿಲ್ಲದ ಖರ್ಚು

ತುಂಬಾ ಜನ ತಿಳಿದಿರೋದು, ಗಿಡ ಹಗಲು ಆಮ್ಲಜನಕ ಬಿಡುತ್ತೆ, ರಾತ್ರಿ ಮಾತ್ರ ಉಸಿರಾಡುತ್ತೆ ಅಂತ. ಹಾಗಲ್ಲ. ಉಸಿರಾಟ ಹಗಲೂ ರಾತ್ರಿ ನಡೀತಾನೇ ಇರುತ್ತೆ. ಹಗಲು ಗಳಿಕೆ ಖರ್ಚಿಗಿಂತ ಜಾಸ್ತಿ, ಅದಕ್ಕೆ ಕಾಣಲ್ಲ. ರಾತ್ರಿ ಗಳಿಕೆ ಸೊನ್ನೆ, ಖರ್ಚು ಮಾತ್ರ.

ಖರ್ಚು ಅಂದ್ರೆ ದಂಡ ಅಲ್ಲ. ಜೀವಕೋಶದೊಳಗಿನ ಮೈಟೋಕಾಂಡ್ರಿಯಾದಲ್ಲಿ ಗ್ಲೂಕೋಸ್ ಆಮ್ಲಜನಕದ ಜೊತೆ ಸೇರಿ ಹಂತ ಹಂತವಾಗಿ ಒಡೆಯುತ್ತೆ. ಬರೋ ಶಕ್ತಿ ಎಟಿಪಿ ಅನ್ನೋ ಕಣದಲ್ಲಿ ತುಂಬಿಕೊಳ್ಳುತ್ತೆ. ಮೊಬೈಲ್ ಚಾರ್ಜ್ ಆದ ಹಾಗೆ ಅಂದ್ಕೊಳ್ಳಿ. ಬೇರು ಪೊಟ್ಯಾಷ್, ನೈಟ್ರೇಟ್ ಹೀರೋಕೆ, ಹೊಸ ಎಲೆ ಕಟ್ಟೋಕೆ, ಹೂ ಕಾಯಿ ಕಟ್ಟೋಕೆ ಎಲ್ಲಕ್ಕೂ ಈ ಚಾರ್ಜ್ ಬೇಕು. ನಮ್ಮ ದೇಹದಲ್ಲಿ, ಹಸುವಿನಲ್ಲಿ, ರೇಷ್ಮೆ ಹುಳುವಿನಲ್ಲಿ, ಮಣ್ಣಿನ ಸೂಕ್ಷ್ಮಜೀವಿಯಲ್ಲಿ ನಡೆಯೋದೂ ಇದೇ. ಗಿಡ ದಿನಕ್ಕೆ ಗಳಿಸಿದ್ದರಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ಹೀಗೆ ಹೋಗುತ್ತೆ. ಉಳಿದದ್ದೇ ನಮ್ಮ ಇಳುವರಿ.

ಇಲ್ಲಿ ತಾಪಮಾನದ ಆಟ ಇದೆ. ಸಾಮಾನ್ಯವಾಗಿ 10 ಡಿಗ್ರಿ ಏರಿದ್ರೆ ಉಸಿರಾಟ ಸುಮಾರು ಎರಡು ಪಟ್ಟು ಆಗುತ್ತೆ. ದ್ಯುತಿಸಂಶ್ಲೇಷಣೆ ಹಾಗೆ ಏರಲ್ಲ. ಕೋಲಾರ, ಕೆಜಿಎಫ್ ಭಾಗ ಸಮುದ್ರ ಮಟ್ಟದಿಂದ 800 ಮೀಟರ್‌ಗಿಂತ ಎತ್ತರದಲ್ಲಿದೆ. ನಮ್ಮ ರಾತ್ರಿ ತಂಪು. ಒಳ್ಳೆ ಬಿಸಿಲಿನ ಹಗಲು, ತಂಪು ರಾತ್ರಿ ಅಂದ್ರೆ ಗಳಿಕೆ ಜಾಸ್ತಿ, ಖರ್ಚು ಕಮ್ಮಿ. ಇಲ್ಲಿ ತರಕಾರಿ ಚೆನ್ನಾಗಿ ಬರೋದಕ್ಕೆ ಇದೂ ಒಂದು ಕಾರಣ. ಏಪ್ರಿಲ್-ಮೇನಲ್ಲಿ ರಾತ್ರಿಯೂ ಸೆಕೆ ಇದ್ದಾಗ ಟೊಮೆಟೊ ಹೂ ಉದುರೋದು ಹೆಚ್ಚು. ಬಿಸಿಗೆ ಪರಾಗ ಕೆಡೋದು ಒಂದು ಕಾರಣ, ಹೂವಿಗೆ ಸಿಗಬೇಕಾದ ಸಕ್ಕರೆ ಖರ್ಚಾಗಿ ಹೋಗೋದು ಇನ್ನೊಂದು. ಇಂಥ ಸಮಯದಲ್ಲಿ ಇನ್ನೊಂದು ಡೋಸ್ ಯೂರಿಯಾ ಕೊಟ್ರೆ ಎಲೆ ಬರುತ್ತೆ, ಕಾಯಿ ನಿಲ್ಲಲ್ಲ.

ಬೇರಿಗೂ ಗಾಳಿ ಬೇಕು

ಎಲೆಯಲ್ಲಿ ಬರೋ ಆಮ್ಲಜನಕ ಟೊಮೆಟೊ, ಹಿಪ್ಪುನೇರಳೆಯಂಥ ಗಿಡಗಳಲ್ಲಿ ಬೇರಿನ ತನಕ ಸಾಕಷ್ಟು ತಲುಪಲ್ಲ. ಬೇರು ಮಣ್ಣಿನ ಸಂದಿಯಲ್ಲಿರೋ ಗಾಳಿಯನ್ನೇ ಉಸಿರಾಡಬೇಕು. ನೀರು ನಿಂತ್ರೆ ಆ ಸಂದಿಯೆಲ್ಲ ನೀರೇ ತುಂಬುತ್ತೆ.

ಆಮ್ಲಜನಕ ಇದ್ದಾಗ ಒಂದು ಗ್ಲೂಕೋಸ್‌ನಿಂದ ಸುಮಾರು 30 ಎಟಿಪಿ ಬರುತ್ತೆ. ಇಲ್ಲದಿದ್ರೆ ಬರೋದು ಬರೀ 2. ಜೊತೆಗೆ ಬೇರಲ್ಲಿ ಆಲ್ಕೋಹಾಲ್ ತುಂಬಿಕೊಳ್ಳುತ್ತೆ. ಶಕ್ತಿ ಇಲ್ಲದ ಬೇರಿಗೆ ನೀರು ಹೀರೋಕೂ ಆಗಲ್ಲ. ಅದಕ್ಕೇ ಮಡುವಲ್ಲಿ ನೀರು ನಿಂತಿದ್ರೂ ಮೇಲೆ ಗಿಡ ಬಾಡಿ ನಿಂತಿರುತ್ತೆ. ಇದನ್ನ ನೋಡಿ ನೀರು ಸಾಲದು ಅಂತ ಇನ್ನೂ ನೀರು ಬಿಟ್ಟವರಿದ್ದಾರೆ.

ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರ್ತಿದೆ. ಕೆರೆ ತುಂಬಿದ ಕಡೆ ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಕಾಣಿಸಿದೆ. ನೀರು ಬಂದ ಖುಷಿಯಲ್ಲಿ ಬೇರಿನ ಉಸಿರು ಕಟ್ಟಿಸಬೇಡಿ. ಡ್ರಿಪ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಬುಡದಲ್ಲಿ ಒಂದು ಗೇಣು ಅಗೆದು ಮಣ್ಣು ಹಿಡಿದು ನೋಡಿ. ಉಂಡೆ ಕಟ್ಟಿ, ಬಿಟ್ರೆ ಒಡೆಯೋ ಹಾಗಿದ್ರೆ ಸರಿ. ಕೈಗೆ ಕೆಸರು ಮೆತ್ತಿ, ಹುಳಿ ಅಥವಾ ಕೊಳೆತ ವಾಸನೆ ಬಂದ್ರೆ ನೀರು ಜಾಸ್ತಿ ಆಗಿದೆ.

ಸೈನೈಡ್ ದಿಬ್ಬ ಮತ್ತು ಎಳೆ ಜೋಳ

ಉಸಿರಾಟ ನಿಂತ್ರೆ ಏನಾಗುತ್ತೆ ಅನ್ನೋದಕ್ಕೆ ಕೆಜಿಎಫ್ ಜನಕ್ಕೆ ದೂರದ ಉದಾಹರಣೆ ಬೇಡ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅಲ್ಲಿಯವರೆಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಅದಿರು ಪುಡಿ ಮಾಡಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಇವತ್ತೂ ಊರ ಸುತ್ತ 13 ದಿಬ್ಬಗಳಾಗಿ ನಿಂತಿದೆ, ಸುಮಾರು 3.3 ಕೋಟಿ ಟನ್. ನಾವು ಅದನ್ನ ಸೈನೈಡ್ ದಿಬ್ಬ ಅಂತೀವಿ. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಂಡುಹಿಡಿದ ವಿಧಾನ ಅದು: ಸೈನೈಡ್ ದ್ರಾವಣ ಪುಡಿಯಾದ ಅದಿರಿನಿಂದ ಚಿನ್ನವನ್ನ ಕರಗಿಸಿಕೊಳ್ಳುತ್ತೆ.

ಸೈನೈಡ್ ಯಾಕೆ ಅಷ್ಟು ಭಯಂಕರ ವಿಷ? ಉಸಿರಾಟದ ಕೊನೇ ಹಂತದಲ್ಲಿ, ಮೈಟೋಕಾಂಡ್ರಿಯಾದಲ್ಲಿ ಒಂದು ಕಿಣ್ವ ಆಮ್ಲಜನಕವನ್ನ ಹಿಡಿದು ಕೆಲಸ ಮುಗಿಸುತ್ತೆ. ಸೈನೈಡ್ ಹೋಗಿ ಆ ಕಿಣ್ವಕ್ಕೇ ಅಂಟಿಕೊಳ್ಳುತ್ತೆ. ರಕ್ತದಲ್ಲಿ ಗ್ಲೂಕೋಸ್ ಇದೆ, ಆಮ್ಲಜನಕವೂ ಇದೆ, ಆದ್ರೆ ಜೀವಕೋಶಕ್ಕೆ ಬಳಸೋಕೆ ಆಗಲ್ಲ. ತುಂಬಿದ ಕಣಜದ ಮುಂದೆ ಹಸಿವಿಂದ ಸತ್ತ ಹಾಗೆ. ಮೊದಲು ಕೈಕೊಡೋದು ಶಕ್ತಿ ಹೆಚ್ಚು ಬೇಕಾದ ಮಿದುಳು ಮತ್ತು ಹೃದಯ.

ದಿಬ್ಬದಲ್ಲಿದ್ದ ಸೈನೈಡ್ ಬಿಸಿಲು, ಗಾಳಿಗೆ ಕಾಲ ಕಳೆದಂತೆ ಒಡೆದು ಹೋಗುತ್ತೆ. ಆದ್ರೂ ಅದು ಸಾವಯವ ಅಂಶ ಇಲ್ಲದ, ಅದಿರಿನ ಖನಿಜ ಉಳಿದಿರೋ ನುಣ್ಣನೆ ಕಲ್ಲಿನ ಪುಡಿ. ಹೊಲ ಮಟ್ಟ ಮಾಡೋಕೆ, ನರ್ಸರಿ ಮಣ್ಣಿಗೆ ಬೆರೆಸೋಕೆ ಅದನ್ನ ತರಲೇಬೇಡಿ. ಗಾಳಿ ಕಾಲದಲ್ಲಿ ಆ ದೂಳು ಎಲೆ ಮೇಲೆ ಕೂತ್ರೆ ಬೆಳಕೂ ಕಮ್ಮಿ, ರಂಧ್ರವೂ ಮುಚ್ಚುತ್ತೆ. ದಿಬ್ಬದ ಹತ್ತಿರ ಹೊಲ ಇದ್ರೆ ಗಾಳಿ ಬರೋ ಕಡೆ ಗ್ಲಿರಿಸಿಡಿಯಾ, ಹೊಂಗೆ, ಸಿಲ್ವರ್ ಓಕ್ ಸಾಲು ಹಾಕಿ. ಸೊಪ್ಪು ತರಕಾರಿಯನ್ನ ಕಿತ್ತ ಮೇಲೆ ಶುದ್ಧ ನೀರಲ್ಲಿ ಚೆನ್ನಾಗಿ ತೊಳೆಯಿರಿ.

ಆದ್ರೆ ರೈತನ ಮನೆಗೆ ಸೈನೈಡ್ ಬರೋ ಇನ್ನೊಂದು ದಾರಿ ಇದೆ, ಅದು ದಿಬ್ಬಕ್ಕಿಂತ ಹತ್ತಿರದ್ದು: ಎಳೆ ಜೋಳದ ಮೇವು. ಜೋಳದ ಗಿಡ ತನ್ನ ರಕ್ಷಣೆಗೆ ಎಲೆಯಲ್ಲಿ ಒಂದು ರಾಸಾಯನಿಕ ಇಟ್ಟುಕೊಳ್ಳುತ್ತೆ. ಆಶ್ಚರ್ಯ ಅಂದ್ರೆ ಅದು ಗ್ಲೂಕೋಸ್‌ಗೆ ಕಟ್ಟಿ ಇಟ್ಟಿರೋ ಸೈನೈಡ್. ಕಟ್ಟಿರೋ ತನಕ ಅಪಾಯ ಇಲ್ಲ. ಅದನ್ನ ಬಿಚ್ಚೋ ಕಿಣ್ವ ಬೇರೆ ಜೀವಕೋಶದಲ್ಲಿರುತ್ತೆ. ಹಸು ಅಗಿದಾಗ ಎರಡೂ ಸೇರುತ್ತವೆ, ಗ್ಲೂಕೋಸ್ ಕಳಚಿ ಸೈನೈಡ್ ಹೊರಗೆ ಬರುತ್ತೆ.

ಅಪಾಯ ಯಾವಾಗ ಹೆಚ್ಚು?

- ಮೊಣಕಾಲುದ್ದಕ್ಕಿಂತ ಸಣ್ಣ ಎಳೆ ಬೆಳೆ, ಕೊಯ್ದ ಮೇಲೆ ಒಡೆದ ಹೊಸ ಚಿಗುರು
- ಮಳೆ ಕೈಕೊಟ್ಟು ಸೊರಗಿದ ಬೆಳೆ, ಆಮೇಲೆ ಮಳೆ ಬಂದು ಏಕದಂ ಚಿಗುರಿದ ಬೆಳೆ
- ಯೂರಿಯಾ ಜಾಸ್ತಿ ಹಾಕಿದ ಬೆಳೆ
- ಹಸಿದ ಹಸು ಒಮ್ಮೆಲೇ ತುಂಬಾ ತಿಂದಾಗ

ಲಕ್ಷಣ ಕಾಣೋದು ನಿಮಿಷಗಳಲ್ಲಿ. ಉಸಿರು ಜೋರಾಗುತ್ತೆ, ಬಾಯಲ್ಲಿ ನೊರೆ, ಮೈ ನಡುಕ, ತೂರಾಡಿ ಬೀಳುತ್ತೆ. ಕಣ್ಣಿನ ಒಳಪದರ, ವಸಡು ಮೊದಲು ಕಡು ಕೆಂಪಾಗಿ ಕಾಣುತ್ತೆ, ಯಾಕಂದ್ರೆ ರಕ್ತದಲ್ಲಿನ ಆಮ್ಲಜನಕ ಬಳಕೆಯೇ ಆಗ್ತಿಲ್ಲ. ಆಗ ನಾಟಿ ಔಷಧಿ ಹುಡುಕ್ತಾ ಕೂರಬೇಡಿ. ತಕ್ಷಣ ಪಶುವೈದ್ಯರಿಗೆ ಅಥವಾ 1962 ಪಶು ಸಂಜೀವಿನಿಗೆ ಫೋನ್ ಮಾಡಿ, "ಎಳೆ ಜೋಳ ತಿಂದಿದೆ" ಅಂತ ಮೊದಲೇ ಹೇಳಿ. ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಅನ್ನೋ ಪ್ರತಿವಿಷಗಳಿವೆ. ಇವು ಸೈನೈಡನ್ನ ಆ ಕಿಣ್ವದಿಂದ ಬಿಡಿಸಿ, ಮೂತ್ರದಲ್ಲಿ ಹೋಗೋ ರೂಪಕ್ಕೆ ತರುತ್ತವೆ. ರಕ್ತನಾಳಕ್ಕೆ ವೈದ್ಯರೇ ಕೊಡಬೇಕು. ಸಮಯಕ್ಕೆ ಸಿಕ್ಕಿದ್ರೆ ಹಸು ಉಳಿಯುತ್ತೆ.

ತಡೆಯೋದು ಸುಲಭ. ಜೋಳದ ಮೇವನ್ನ ಹೂ ಬಂದ ಮೇಲೆ ಕೊಯ್ಯಿರಿ. ಮೊದಲು ಒಣ ಹುಲ್ಲು ಹಾಕಿ, ಆಮೇಲೆ ಹಸಿ ಮೇವು ಕೊಡಿ. ಅನುಮಾನ ಇದ್ರೆ ಹಸಿಯಾಗಿ ಕೊಡಲೇಬೇಡಿ. ಚೆನ್ನಾಗಿ ಒಣಗಿಸಿದ್ರೆ ಅಥವಾ ರಸಮೇವು ಮಾಡಿದ್ರೆ ಸೈನೈಡ್ ತುಂಬಾ ಇಳಿಯುತ್ತೆ. ಬೇಲಿ ದಾಟಿ ಪಕ್ಕದ ಹೊಲದ ಕೂಳೆ ಚಿಗುರು ಮೇಯೋ ಕರುಗಳ ಮೇಲೆ ಒಂದು ಕಣ್ಣಿರಲಿ.

ಕಿತ್ತ ಮೇಲೂ ಟೊಮೆಟೊ ಉಸಿರಾಡುತ್ತೆ

15 ಕೆಜಿ ಬಾಕ್ಸ್ ಟೊಮೆಟೊದಲ್ಲಿ 14 ಕೆಜಿಗೂ ಹೆಚ್ಚು ನೀರೇ. ಉಳಿದ ಮುಕ್ಕಾಲು ಕೆಜಿ ಚಿಲ್ಲರೆ ಒಣ ಪದಾರ್ಥದಲ್ಲಿ ಸುಮಾರು ಅರ್ಧ ಗ್ಲೂಕೋಸ್, ಫ್ರಕ್ಟೋಸ್. ಗಿಡದಿಂದ ಕಿತ್ತ ಕ್ಷಣದಿಂದ ಎಲೆಯ ಗಳಿಕೆ ಬಂದ್, ಆದ್ರೆ ಹಣ್ಣಿನ ಉಸಿರಾಟ ನಿಲ್ಲಲ್ಲ. ಕೂಡಿಟ್ಟ ಸಕ್ಕರೆ ಸುಡುತ್ತೆ, ಬಿಸಿ ಹೊರಗೆ ಬರುತ್ತೆ. ಆ ಬಿಸಿ ಬಾಕ್ಸ್ ನಡುವೆ ನಿಂತು ಉಸಿರಾಟ ಇನ್ನೂ ಜೋರಾಗುತ್ತೆ. ಟೊಮೆಟೊ, ಮಾವು, ಬಾಳೆ ಇವು ಹಣ್ಣಾಗೋ ಹೊತ್ತಿಗೆ ಉಸಿರಾಟವನ್ನ ಏಕದಂ ಏರಿಸೋ ಜಾತಿ ಬೇರೆ.

ಮಧ್ಯಾಹ್ನ ಕಿತ್ತ ಕಾಯಿಯ ಮೈಯೆಲ್ಲ ಬಿಸಿಲಿನ ಕಾವು. ಬೆಳಿಗ್ಗೆ ಕಿತ್ತದ್ದಕ್ಕಿಂತ ಅದು 10 ಡಿಗ್ರಿ ಹೆಚ್ಚು ಬಿಸಿ ಇದ್ರೆ ಉಸಿರಾಟ ಎರಡು ಪಟ್ಟು, ಬಾಳಿಕೆ ಅಷ್ಟು ಕಮ್ಮಿ. ಕೋಲಾರದ ಮಂಡಿಯಿಂದ ಉತ್ತರ ಭಾರತಕ್ಕೆ ಲಾರಿಯಲ್ಲಿ ಎರಡು ಮೂರು ದಿನ ಹೋಗಬೇಕಾದ ಮಾಲಿಗೆ ಇದೇ ವ್ಯತ್ಯಾಸ. ಹರಾಜಿನಲ್ಲಿ ವ್ಯಾಪಾರಿ ಕಾಯಿ ಒತ್ತಿ ನೋಡೋದು ಇದನ್ನೇ. ನಮ್ಮ ತೋಟದಲ್ಲಿ ನಾನು ಬೆಳಿಗ್ಗೆ ಮಂಜು ಆರಿದ ಕೂಡಲೇ ಕೀಳಿಸ್ತೀನಿ, 9 ಗಂಟೆ ದಾಟಿಸಲ್ಲ. ಕ್ರೇಟ್ ನೆರಳಲ್ಲಿ, ಒಂದಕ್ಕೊಂದು ಸಂದಿ ಬಿಟ್ಟು ಇಡಬೇಕು. ಪ್ಲಾಸ್ಟಿಕ್ ಟಾರ್ಪಾಲು ಬಿಗಿಯಾಗಿ ಮುಚ್ಚಬೇಡಿ. ಶೀತಲಗೃಹ ಸಿಕ್ಕಿದ್ರೂ ಹಸಿರು ಟೊಮೆಟೊನ 10 ಡಿಗ್ರಿಗಿಂತ ಕೆಳಗೆ ಇಡಬೇಡಿ. ಆಮೇಲೆ ಸರಿಯಾಗಿ ಬಣ್ಣ ತಿರುಗಲ್ಲ, ಕಲೆ ಬೀಳುತ್ತೆ. 12-13 ಡಿಗ್ರಿ ಸರಿ.

ಹಿಪ್ಪುನೇರಳೆ ಸೊಪ್ಪಿಗೂ ಇದೇ ಮಾತು. ತಂಪು ಹೊತ್ತಲ್ಲಿ ಕೊಯ್ದು, ಒತ್ತಿ ತುಂಬದೆ, ಒದ್ದೆ ಗೋಣಿ ಮುಚ್ಚಿ ಇಡಿ. ಸೊಪ್ಪಿನ ರಾಶಿಗೆ ಕೈ ಹಾಕಿದ್ರೆ ಒಳಗೆ ಬೆಚ್ಚಗೆ ಇದೆಯಾ? ಹುಳುವಿಗೆ ಸೇರಬೇಕಾದ ಸಕ್ಕರೆ ಅಲ್ಲೇ ಸುಡ್ತಿದೆ ಅಂತ ಅರ್ಥ.

ಮಾವಿನದು ಇನ್ನೊಂದು ಪಾಠ. ಮಾವು ಸಿಹಿಯಾಗೋದು ಕಾಯಿಯಲ್ಲಿ ಕೂಡಿಟ್ಟ ಪಿಷ್ಟ ಸಕ್ಕರೆಯಾಗಿ ಒಡೆದಾಗ. ರೇಟಿನ ಆಸೆಗೆ ಬಲಿಯದ ಕಾಯಿ ಕಿತ್ತು ಕಾರ್ಬೈಡ್ ಹಾಕಿದ್ರೆ ಸಿಪ್ಪೆ ಹಳದಿಯಾಗುತ್ತೆ, ಸಿಹಿ ಬರಲ್ಲ. ಒಳಗೆ ಪಿಷ್ಟವೇ ಇಲ್ಲವಲ್ಲ. ಕಾರ್ಬೈಡ್ ಕಾನೂನು ಪ್ರಕಾರ ನಿಷೇಧ ಕೂಡ. ಬಕೆಟ್ ನೀರಿಗೆ ಕಾಯಿ ಹಾಕಿ ನೋಡಿ. ಮುಳುಗಿದ್ರೆ ಬಲಿತಿದೆ, ತೇಲಿದ್ರೆ ಇನ್ನೂ ಬಿಡಬೇಕು.

ಹಾಗಾದ್ರೆ ಗ್ಲೂಕೋಸ್ ಸ್ಪ್ರೇ?

ಈಗ ಲೆಕ್ಕ ನೀವೇ ಹಾಕಬಹುದು. 1 ಎಕರೆ ಅಂದ್ರೆ 4,047 ಚದರ ಮೀಟರ್. ಎಲೆ ಚೆನ್ನಾಗಿ ಮುಚ್ಚಿದ ಬೆಳೆ ಒಳ್ಳೆ ಬಿಸಿಲಲ್ಲಿ ಚದರ ಮೀಟರ್‌ಗೆ ದಿನಕ್ಕೆ 10 ಗ್ರಾಂ ಒಣ ತೂಕ ಗಳಿಸಿದ್ರೂ, ಎಕರೆಗೆ 40 ಕೆಜಿ. ಅದೂ ಪುಕ್ಕಟೆ. ನಾವು 200 ಲೀಟರ್ ನೀರಿಗೆ 2 ಕೆಜಿ ಗ್ಲೂಕೋಸ್ ಕಲಸಿ ಹೊಡೆದ್ರೆ, ಅದರಲ್ಲಿ ಎಲೆಯೊಳಗೆ ಹೋಗೋದು ಸ್ವಲ್ಪ. ಉಳಿದದ್ದು ಎಲೆ ಮೇಲೆ ಅಂಟಾಗಿ ಕೂತು ಶಿಲೀಂಧ್ರಕ್ಕೆ ಊಟ ಆಗುತ್ತೆ. ಮಾವಿನಲ್ಲಿ ಜಿಗಿಹುಳುವಿನ ಅಂಟಿನ ಮೇಲೆ ಕಪ್ಪು ಬೂಷ್ಟು ಬರೋದು ನೋಡಿದ್ದೀರಲ್ಲ, ಅದೇ ಕಥೆ. 40 ಕೆಜಿ ಗಳಿಸೋ ಗಿಡಕ್ಕೆ 2 ಕೆಜಿ ದಾನ ಮಾಡೋ ಬದಲು, ಅದರ ಗಳಿಕೆ ಯಾಕೆ 40ರಿಂದ 20ಕ್ಕೆ ಇಳೀತು ಅಂತ ಹುಡುಕಿ. ನೀರಿನ ಕೊರತೆಯಾ, ದೂಳಾ, ರೋಗ ಬಂದ ಎಲೆಯಾ, ಉಸಿರು ಕಟ್ಟಿದ ಬೇರಾ?

"ಹಾಗಾದ್ರೆ ಜೀವಾಮೃತಕ್ಕೆ 2 ಕೆಜಿ ಬೆಲ್ಲ ಯಾಕೆ ಹಾಕ್ತೀವಿ?" ಅಂತ ಕೇಳಬಹುದು. ಒಳ್ಳೆ ಪ್ರಶ್ನೆ. ಆ ಬೆಲ್ಲ ಗಿಡಕ್ಕಲ್ಲ, ಡ್ರಮ್ಮಿನ ಸೂಕ್ಷ್ಮಜೀವಿಗಳಿಗೆ. ಬೆಲ್ಲದ ಸಕ್ಕರೆ ಉಸಿರಾಡಿ ಅವು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಅದಕ್ಕೇ ದಿನಕ್ಕೆ ಎರಡು ಸಲ ಕೋಲಿನಿಂದ ತಿರುವೋದು, ಬಾಯಿಗೆ ಗಾಳಿಯಾಡೋ ಗೋಣಿ ಕಟ್ಟೋದು. ಮುಚ್ಚಳ ಬಿಗಿದ್ರೆ ಆಮ್ಲಜನಕ ಸಿಗದೆ ಕೊಳೆತ ನಾತ ಬರುತ್ತೆ.

ಈ ವಾರ ಮಾಡಿ ನೋಡಿ

1. ಬೆಳಕಿನ ಪರೀಕ್ಷೆ: ಗಿಡದಲ್ಲೇ ಇರೋ ಒಂದು ಎಲೆಯ ಅರ್ಧ ಭಾಗಕ್ಕೆ ಕಪ್ಪು ಕಾಗದ ಸುತ್ತಿ ಎರಡು ದಿನ ಬಿಡಿ. ಎರಡನೇ ದಿನ ಸಂಜೆ ಕಿತ್ತು ಬಿಸಿನೀರಲ್ಲಿ ಕುದಿಸಿ. ಆಮೇಲೆ ಸ್ಪಿರಿಟ್ ಇರೋ ಲೋಟವನ್ನ ಬಿಸಿನೀರಿನ ಪಾತ್ರೆಯಲ್ಲಿಟ್ಟು ಅದರಲ್ಲಿ ಎಲೆಯ ಹಸಿರು ಬಿಡಿಸಿ. ಸ್ಪಿರಿಟ್ ಹತ್ತಿರ ಬೆಂಕಿ ಬೇಡ, ಒಲೆ ಆರಿಸಿರಿ. ಎಲೆ ತೊಳೆದು ಟಿಂಚರ್ ಅಯೋಡಿನ್ ಎರಡು ಹನಿ ಹಾಕಿ. ಬಿಸಿಲು ಕಂಡ ಭಾಗ ಕಡು ನೀಲಿ, ಮುಚ್ಚಿದ ಭಾಗ ಬರೀ ಕಂದು. ನೀಲಿಯಾಗಿದ್ದು ಪಿಷ್ಟ, ಅಂದ್ರೆ ಆ ಎಲೆಯ ಉಳಿತಾಯ.

2. ಟೊಮೆಟೊ ಬುಡದ ಎಲೆ ನೋಡಿ. ಬಲಿತ ಎಲೆ ಬೇರೆ ಎಲೆಯಿಂದ ಸಕ್ಕರೆ ಸಾಲ ತಗೊಳ್ಳಲ್ಲ. ಬೆಳಕು ಸಿಗದಿದ್ರೆ ತಾನೇ ಹಸಿದು ಹಳದಿಯಾಗುತ್ತೆ. ಹಳದಿ ಆದದ್ದು, ಮಣ್ಣು ತಾಗೋದು, ಅಂಗಮಾರಿ ಚುಕ್ಕಿ ಇರೋದು ಮಾತ್ರ ತೆಗೆಯಿರಿ. ಬಿಸಿಲು ಬೀಳೋ ಹಸಿರೆಲೆ ಕೀಳಬೇಡಿ, ಮೇಲಿನ ಕಾಯಿಗೆ ಊಟ ಅಲ್ಲಿಂದಲೇ ಹೋಗೋದು.

3. ಒಂದೇ ದಿನ ಬೆಳಿಗ್ಗೆ 7ಕ್ಕೆ ಕಿತ್ತ 10 ಕಾಯಿ, ಮಧ್ಯಾಹ್ನ 2ಕ್ಕೆ ಕಿತ್ತ 10 ಕಾಯಿ ಬೇರೆ ಬೇರೆ ನೆರಳಲ್ಲಿಡಿ. ದಿನಾ ಮೊಬೈಲಲ್ಲಿ ಫೋಟೊ ತೆಗೆಯಿರಿ. ವಾರದ ಕೊನೆಗೆ ಎರಡೂ ಪಕ್ಕ ಪಕ್ಕ ಇಟ್ಟು ನೋಡಿ.

4. ಮನೆಯಲ್ಲಿ ಜೋಳದ ಮೇವು ಇದ್ರೆ ಇವತ್ತೇ ಹೋಗಿ ಎತ್ತರ ಅಳೆಯಿರಿ. 1962 ನಂಬರ್ ಮನೆಯವರ ಮೊಬೈಲ್‌ನಲ್ಲೂ ಸೇವ್ ಮಾಡಿ. ಹಸು ಮೇಯಿಸೋರು ಹೆಚ್ಚಾಗಿ ಅಮ್ಮನೋ, ಅಜ್ಜಿಯೋ ಆಗಿರ್ತಾರೆ. ಎಳೆ ಜೋಳದ ವಿಷಯ ಅವರ ಹತ್ತಿರವೂ ಕೂತು ಮಾತಾಡಿ.